ಕಿಷ್ಕಿಂಧೆಯಲ್ಲಿ ಗುಲಾಬಿ ಬೆಳೆಸುವವರ ಧರ್ಮ

ಟಿ.ಬಿ. ಡ್ಯಾಂ, ಹೊಸಪೇಟೆ, ಕಮಲಾಪುರ, ಆನೆಗೊಂದಿಗಳಲ್ಲಿ ಅಂಗಳದ ಗುಲಾಬಿಗೆ ಮುಸುವಗಳ ಕಾಟ ತಪ್ಪಿದ್ದಲ್ಲ. ಬೇರೆ ಊರಿನಲ್ಲಾದರೆ ಇದು ಬೇಲಿಯ ಮಾತು. ಈ ನೆಲವನ್ನು ಜನ ಕಿಷ್ಕಿಂಧೆ ಎಂದು ನಂಬುತ್ತಾರೆ. ಅಂಜನಾದ್ರಿಯನ್ನು ಹನುಮಂತ ಹುಟ್ಟಿದ ಬೆಟ್ಟವೆಂದು ಹತ್ತುತ್ತಾರೆ. ಹಾಗಾಗಿ ಗೋಡೆ ಹಾರಿ ಬಂದ ಪ್ರಾಣಿಯನ್ನು ಓಡಿಸಬಹುದೇ, ಓಡಿಸಿದರೆ ಎಷ್ಟರ ಮಟ್ಟಿಗೆ ಎಂಬುದು ಇಲ್ಲಿ ಧರ್ಮದ ಪ್ರಶ್ನೆಯೂ ಆಗುತ್ತದೆ. ಗುಲಾಬಿಗೂ ಇಲ್ಲಿ ಹಳೆಯ ಹಕ್ಕಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಈ ಊರಿನವರಿಗೆ ಗುಲಾಬಿ ಊಟದಷ್ಟೇ ಅಗತ್ಯ ಎಂಬಂತೆ ಬರೆದಿದ್ದಾನೆ.

ಮೊದಲು ಪ್ರಾಣಿಯ ವಿಚಾರ. ಈ ಭಾಗದಲ್ಲಿ ಎರಡು ಬಗೆಯ ಕೋತಿಗಳಿವೆ. ಗುಡಿಗಳ ಬಳಿ ಬಾಳೆಹಣ್ಣು ಕಸಿದು ಕೆನ್ನೆಚೀಲದಲ್ಲಿ ತುಂಬಿಕೊಳ್ಳುವುದು ಮಂಗ. ಕಪ್ಪು ಮುಖ, ಉದ್ದ ಬಾಲದ್ದು ಮುಸುವ. ಎಲೆ ತಿಂದು ಬದುಕಲು ಹೇಳಿಮಾಡಿಸಿದ ಹೊಟ್ಟೆ ಮುಸುವದ್ದು: ದನದ ಹೊಟ್ಟೆಯಂತೆ ಅದರಲ್ಲಿ ಕೋಣೆಗಳಿವೆ, ತಿಂದ ಸೊಪ್ಪು ಅಲ್ಲಿ ಸೂಕ್ಷ್ಮಜೀವಿಗಳಿಂದ ಹುಳಿತು ಜೀರ್ಣವಾಗುತ್ತದೆ. ಬಲಿತ ಎಲೆಗಿಂತ ಚಿಗುರು, ಮೊಗ್ಗುಗಳ ಮೇಲೆ ಅದಕ್ಕೆ ಆಸೆ. ಗುಲಾಬಿಯ ಕೆಂಚಿಗುರಿಗೆ ಮುಳ್ಳು ಇನ್ನೂ ಮೆತ್ತಗಿರುತ್ತದೆ. ಟೊಂಗೆಯನ್ನು ಬಗ್ಗಿಸಿ ತುದಿ ಮುರಿದುಕೊಳ್ಳಲು ಕಷ್ಟವಿಲ್ಲ. ಹಾಳಾದ ಗಿಡವನ್ನು ಹತ್ತಿರದಿಂದ ನೋಡಿಯೇ ತಪ್ಪು ಹೊರಿಸಬೇಕು. ತುದಿ ಹರಿದು ಮೋಟು ನಿಂತಿದ್ದರೆ ಮುಸುವದ ಕೆಲಸವಿರಬಹುದು. ಎಲೆಯಂಚನ್ನು ಬಿಲ್ಲೆಯಂತೆ ದುಂಡಗೆ ಕತ್ತರಿಸಿದ್ದರೆ ಅದು ಗೂಡಿಗೆ ಎಲೆ ಒಯ್ಯುವ ಒಂಟಿ ಜೇನು. ಅದಕ್ಕಾಗಿ ಕೋತಿಗೆ ಕಲ್ಲು ಬೀರುವುದು ಶುದ್ಧ ಅನ್ಯಾಯ.

ಬಂದದ್ದು ಯಾರು ಎಂಬ ಪ್ರಶ್ನೆ ಇನ್ನೂ ತೊಡಕಿನದು. ಹನುಮಂತನ ಬಳಗವೋ, ಬರೀ ಪ್ರಾಣಿಯೋ? ರಾಮಾಯಣದಲ್ಲೇ ಈ ತೊಡಕಿದೆ, ಅದೂ ಇದೇ ಕಿಷ್ಕಿಂಧೆಯಲ್ಲಿ. ಬಾಣ ತಗುಲಿ ಬಿದ್ದ ವಾಲಿ, ಕಾಡಿನ ಕೋತಿಯಾದ ತನ್ನನ್ನು ಕೊಂದು ಏನು ಬಂತೆಂದು ರಾಮನನ್ನು ಕೇಳುತ್ತಾನೆ. ವಾಲ್ಮೀಕಿಯ ರಾಮ ಎರಡು ಉತ್ತರ ಕೊಡುತ್ತಾನೆ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಇದು ಶಿಕ್ಷೆ, ಅಲ್ಲದೆ ಮನುಷ್ಯರು ಮರೆಯಲ್ಲಿ ನಿಂತು, ಬಲೆ ಒಡ್ಡಿ ಮೃಗಗಳನ್ನು ಬೇಟೆಯಾಡುವುದು ಇದ್ದದ್ದೇ. ಶಿಕ್ಷೆಯಾಗಿದ್ದರೆ ವಾಲಿ ಧರ್ಮಾಧರ್ಮ ಬಲ್ಲವನಾಗಬೇಕು. ಬೇಟೆಯಾಗಿದ್ದರೆ ಅವನಿಗೆ ತಪ್ಪೆಂಬುದೇ ಇರಬಾರದು. ಎರಡೂ ಒಟ್ಟಿಗೆ ಸಲ್ಲುವುದು ಹೇಗೆಂದು ವ್ಯಾಖ್ಯಾನಕಾರರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ತಳವಾರಘಟ್ಟದ ಹತ್ತಿರ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ತೋರಿಸುತ್ತಾರೆ. ವಾದ ಮಾತ್ರ ಬೂದಿಯಾಗಿಲ್ಲ. ಶನಿವಾರ ಅಂಜನಾದ್ರಿಯಲ್ಲಿ ಕೈಮುಗಿದು ಬಾಳೆಹಣ್ಣು ಕೊಟ್ಟು, ಭಾನುವಾರ ಅಂಗಳದಲ್ಲಿ ಕವಣೆ ಹಿಡಿಯುವವರೂ ಬೇಕಾದಾಗ ಒಂದು, ಬೇಡವಾದಾಗ ಇನ್ನೊಂದು ಉತ್ತರ ಹಿಡಿಯುತ್ತಾರೆ.

ಗಂಟು ಬಿಚ್ಚಲು ಭಾರತೀಯ ದರ್ಶನಗಳ ಒಂದು ಸಾಮಾನ್ಯ ನಿಲುವು ನೆರವಾಗುತ್ತದೆ. ಪ್ರಾಣಿಜನ್ಮ ಭೋಗಯೋನಿ: ಹಿಂದಿನ ಕರ್ಮದ ಫಲ ಉಣ್ಣುವ ಜನ್ಮ, ಹೊಸ ಪಾಪಪುಣ್ಯ ಕಟ್ಟಿಕೊಳ್ಳುವ ಜನ್ಮವಲ್ಲ. ಹಾಗಿದ್ದರೆ ಚಿಗುರು ತಿಂದ ಮುಸುವ ಕಳ್ಳನಲ್ಲ. ಅಪರಾಧವಿಲ್ಲದ ಕಡೆ ದಂಡನೆಗೆ ಜಾಗವಿಲ್ಲ. ಉಳಿಯುವುದು ತಡೆಯುವ ಕೆಲಸ ಮಾತ್ರ. ಪ್ರಾಣಿ ಗೋಡೆ ಹತ್ತುವಾಗ ಬಡಿಗೆ ನೆಲಕ್ಕೆ ಬಡಿದು ಸದ್ದು ಮಾಡುವುದು ತಡೆ. ತಿಂದು ಹೋಗುತ್ತಿರುವುದರ ಬೆನ್ನಿಗೆ ಕಲ್ಲೆಸೆಯುವುದು ಸೇಡು.

ತಡೆಯುವುದೇ ಭಕ್ತಿಗೆ ಕುಂದೆಂದು ಅಳುಕುವವರು ಸುಂದರಕಾಂಡದ ಮಧುವನವನ್ನು ನೆನೆಯಬಹುದು. ಸೀತೆಯ ಸುದ್ದಿ ಹೊತ್ತು ಮರಳಿದ ವಾನರರು ಸುಗ್ರೀವನ ತೋಟಕ್ಕೆ ನುಗ್ಗಿ ಜೇನು ಕುಡಿದು ಮರಗಳನ್ನು ಮುರಿಯುತ್ತಾರೆ. ಆ ತೋಟಕ್ಕೆ ಕಾವಲುಗಾರನಿದ್ದ: ಸುಗ್ರೀವನ ಸೋದರಮಾವ ದಧಿಮುಖ, ಅವನೂ ವಾನರನೇ. ಕೆಲವರನ್ನು ಅವನು ಗದರುತ್ತಾನೆ, ಕೆಲವರಿಗೆ ಹೊಡೆಯುತ್ತಾನೆ, ಕೆಲವರಿಗೆ ನಯವಾಗಿ ಹೇಳುತ್ತಾನೆ. ಕೊನೆಗೆ ತಾನೇ ಪೆಟ್ಟು ತಿಂದು ದೂರು ಒಯ್ಯುತ್ತಾನೆ. ಹೋದ ಕೆಲಸ ಕೈಗೂಡಿರಬೇಕೆಂದು ಊಹಿಸಿ ಸುಗ್ರೀವ ಹಿಗ್ಗುತ್ತಾನೆ, ಕಾವಲು ಕಾದದ್ದು ತಪ್ಪೆನ್ನುವುದಿಲ್ಲ. ವಾನರರ ರಾಜ್ಯದಲ್ಲೂ ತೋಟಕ್ಕೆ ಕಾವಲಿತ್ತು.

ಬೇಲಿ ಯಾರ ಹೊಣೆ ಎಂಬುದನ್ನು ಮನುಸ್ಮೃತಿಯ ಎಂಟನೆಯ ಅಧ್ಯಾಯ ನೇರವಾಗಿ ಎತ್ತಿಕೊಳ್ಳುತ್ತದೆ. ಊರ ಸುತ್ತ ನೂರು ಬಿಲ್ಲಿನಳತೆ ಗೋಮಾಳ ಬಿಡಬೇಕು. ಅಲ್ಲಿ ಬೇಲಿಯಿಲ್ಲದ ಬೆಳೆಯನ್ನು ದನ ಮೇಯ್ದರೆ ದನಗಾಹಿಗೆ ರಾಜ ದಂಡ ಹಾಕಬಾರದು. ಬೇಲಿ ಒಂಟೆಗೂ ಆಚೆ ಕಾಣದಷ್ಟು ಎತ್ತರವಿರಬೇಕು, ನಾಯಿ, ಹಂದಿ ಮೂತಿ ತೂರಿಸುವ ಕಂಡಿಗಳನ್ನು ಮುಚ್ಚಬೇಕು. ಮಾತು ಸಾಕುಪ್ರಾಣಿಯದಾದರೂ ತರ್ಕ ಇಲ್ಲಿಗೂ ಹೊಂದುತ್ತದೆ: ಪ್ರಾಣಿಗಳು ತಿರುಗಾಡುವ ಜಾಗದ ಅಂಚಿನಲ್ಲಿ ಬೆಳೆಯುವವನೇ ಬೇಲಿ ಹಾಕಿಕೊಳ್ಳಬೇಕು. ಗುಡ್ಡದ ಬುಡದಲ್ಲಿ ಕಾಲೊನಿ ಕಟ್ಟಿಕೊಂಡವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆ ಬಂಡೆಗಳ ಮೇಲೆ ಮುಸುವಗಳೇ ಹಳೆಯ ಒಕ್ಕಲು.

ಜೈನರ ವಿಂಗಡಣೆ ಇನ್ನಷ್ಟು ನವಿರು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ದಂಡನಾಯಕ ಇರುಗಪ್ಪ ಕಟ್ಟಿಸಿದ ಗಾಣಗಿತ್ತಿ ಬಸದಿ ಆ ಮತಕ್ಕೆ ಇಲ್ಲಿದ್ದ ನೆಲೆಯ ಗುರುತು. ಬೇಕೆಂದು ಮಾಡುವ ಸಂಕಲ್ಪ ಹಿಂಸೆಯನ್ನು ಗೃಹಸ್ಥ ಬಿಡಲೇಬೇಕು. ಮನೆವಾರ್ತೆಯಲ್ಲಿ ಆಗುವ ಆರಂಭಿ ಹಿಂಸೆ, ಕಸುಬಿನ ಉದ್ಯೋಗಿ ಹಿಂಸೆ, ಕಾಪಾಡಿಕೊಳ್ಳುವಾಗಿನ ವಿರೋಧಿ ಹಿಂಸೆ ಅವನಿಗೆ ಪೂರ್ತಿ ತಪ್ಪುವುದಿಲ್ಲ, ಆದಷ್ಟು ಕಡಿಮೆ ಮಾಡಬೇಕು. ಇಲ್ಲಿ ನಷ್ಟದ ಅಳತೆ ಮುಖ್ಯ. ಕಂಪ್ಲಿಯ ಬಾಳೆ ಬೆಳೆಗಾರನಿಗೆ ಗೊನೆ ಹೋದರೆ ವರ್ಷದ ಗಂಜಿ ಹೋಯಿತು. ಗುಲಾಬಿಯ ತುದಿ ಮುರಿದರೆ ಕೆಳಗಿನ ಕಣ್ಣು ಚಿಗುರುತ್ತದೆ, ಹೂವಿಗೆ ಒಂದೂವರೆ ತಿಂಗಳು ಕಾದರಾಯಿತು. ಅಷ್ಟಕ್ಕೆ ಪ್ರಾಣಿಯ ಮೈಗೆ ಗಾಯ ಮಾಡುವುದನ್ನು ವಿರೋಧಿ ಹಿಂಸೆ ಎನ್ನಲಾಗದು.

ಈ ಅಳತೆಗೋಲಿನಲ್ಲಿ ಉಪಾಯಗಳನ್ನು ತೂಗಬಹುದು. ಗಿಡದ ಸುತ್ತಲೂ ಮೇಲೂ ಕೈ ತೂರದಷ್ಟು ಸಣ್ಣ ಕಣ್ಣಿನ ತಂತಿ ಜಾಲರಿ ಎಲ್ಲಕ್ಕಿಂತ ನಿರ್ದೋಷ. ಮೇಲ್ಭಾಗ ತೆರೆದಿಟ್ಟರೆ ಹತ್ತಿ ಇಳಿಯುವ ಪ್ರಾಣಿಗೆ ಅದೇ ಏಣಿ. ಸಡಿಲ ನೈಲಾನ್ ಬಲೆ ಅಗ್ಗ, ಆದರೆ ಮರಿಗಳ ಕೈಕಾಲು ಸಿಕ್ಕಿಕೊಳ್ಳುತ್ತವೆ. ಗೋಡೆಯ ಮೇಲೆ ಬಾಗಿದ ಕೊಂಬೆ ಕಡಿದರೆ ದಾರಿಯೇ ತಪ್ಪುತ್ತದೆ. ಹುಲಿಗೊಂಬೆಯಂಥ ಬೆದರಿಕೆ ನಾಲ್ಕು ದಿನದ ಆಟ. ಕರೆಂಟ್ ತಂತಿ, ವಿಷ ಯಾವ ಧರ್ಮದಲ್ಲೂ ಸಲ್ಲದು. 2021ರ ಜುಲೈನಲ್ಲಿ ಬೇಲೂರು ತಾಲ್ಲೂಕಿನಲ್ಲಿ 38 ಮಂಗಗಳ ಹೆಣ ಗೋಣಿಚೀಲಗಳಲ್ಲಿ ಸಿಕ್ಕಾಗ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಮುಸುವಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಪುಣ್ಯವೆಂದು ಎಲ್ಲರೂ ಒಪ್ಪಿರುವ ಒಂದು ಕೆಲಸವೇ ಇಲ್ಲಿ ಹೆಚ್ಚು ಕೆಡುಕು ಮಾಡುತ್ತದೆ: ಕೈಯಾರೆ ಉಣಿಸುವುದು. ಬಿಸ್ಕತ್ತು, ಬಾಳೆಹಣ್ಣಿನ ರುಚಿ ಹತ್ತಿದ ಪ್ರಾಣಿಗೆ ಮನುಷ್ಯರ ಭಯ ಬಿಟ್ಟುಹೋಗುತ್ತದೆ, ಅಂಗಳವೂ ಗುಡಿಯೂ ಒಂದೇ ಆಗುತ್ತವೆ. ದಾನ ಪಡೆದವರಿಗೆ ಕೇಡಾಗಬಾರದೆಂಬುದು ದಾನದ ಮೊದಲ ಷರತ್ತು. ಮುಂದೆ ಕಲ್ಲೇಟು ತಿನ್ನಿಸುವ ಹಣ್ಣು ಆ ಷರತ್ತು ದಾಟುವುದಿಲ್ಲ. ಸವರಿದ ಗುಲಾಬಿ ಸೊಪ್ಪನ್ನು ಗೋಡೆಯಾಚೆ ಹಾಕುವುದೂ ಅದೇ ಸಾಲಿನದು. ಹಿಡಿಸಿ ಬೇರೆಡೆ ಬಿಡಿಸಬೇಕೆನ್ನುವವರು ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದರೂ ಇನ್ನೊಂದು ಪ್ರಶ್ನೆ ಎದುರಿಸಬೇಕು: ಸಂಡೂರಿನ ಗುಡ್ಡದಲ್ಲಿ ಬಿಟ್ಟ ಹಿಂಡು ಅಲ್ಲಿನ ಹಿಂಡಿನೊಡನೆ ಕಾದಾಡಿ, ಕೆಳಗಿನ ಹೊಲಕ್ಕೆ ಇಳಿದರೆ ಆ ನಷ್ಟ ಯಾರ ಲೆಕ್ಕಕ್ಕೆ?