ವೃದ್ಧರ ಮರಣವೂ ಕಾರಣವಿಚಾರವೂ

ವಯಸ್ಸಾದವರು ತೀರಿಕೊಂಡರೆ “ಕಾಲ ಬಂದಿತ್ತು” ಎಂದು ಸುಮ್ಮನಾಗುವುದು ಲೋಕರೂಢಿ. ಈ ಮಾತಿನಲ್ಲಿ ಸಮಾಧಾನವೂ ಉಂಟು, ಸ್ವಲ್ಪ ಸೋಮಾರಿತನವೂ ಉಂಟು. ಮುಪ್ಪು ಮರಣಕ್ಕೆ ಯೋಗ್ಯತೆಯನ್ನು ಕೊಡಬಹುದೇ ಹೊರತು ಅದೊಂದೇ ಕಾರಣವೆನಿಸದು. ಒಣಗಿದ ಕಟ್ಟಿಗೆಯು ಕಿಡಿಯಿಲ್ಲದೆ ಉರಿಯುವುದಿಲ್ಲವಷ್ಟೆ.

1984ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಪಟ್ಟಣದ ಸ್ಟ್ಯಾನ್ಲಿ ರಾಯ್ಡ್ ಎಂಬ ಮಾನಸಿಕ ಚಿಕಿತ್ಸಾಲಯದಲ್ಲಿ ಸಾಲ್ಮೊನೆಲ್ಲಾ ಎಂಬ ಕ್ರಿಮಿಯಿಂದ ವಾಂತಿಭೇದಿಗಳು ತಲೆದೋರಿದುವು. ಅಲ್ಲಿದ್ದವರಲ್ಲಿ ಬಹುಮಂದಿ ಬುದ್ಧಿ ಮಸುಳಿದ ವೃದ್ಧರು. ನಾನೂರಕ್ಕೂ ಮಿಕ್ಕ ಜನರು ಅಸ್ವಸ್ಥರಾದರು. 19 ಮಂದಿ ರೋಗಿಗಳು ಮೃತರಾದರು.

ಇಂತಹ ಸ್ಥಳದಲ್ಲಿ ವಿಚಾರಣೆಗೆ ತೊಡಗಿದವನ ಕಷ್ಟವನ್ನು ವಾಚಕರು ಊಹಿಸಬೇಕು. ನಿನ್ನೆ ಏನನ್ನುಂಡೆ ಎಂದು ಕೇಳಿದರೆ, ಮರೆವಿನ ಮುದುಕನು ನಲವತ್ತು ವರ್ಷದ ಹಿಂದಣ ಊಟವನ್ನು ಹೇಳಿಯಾನು. ಶಬ್ದಪ್ರಮಾಣವು ಕೈಬಿಟ್ಟ ಮೇಲೆ ಅನುಮಾನವೇ ಗತಿ. ಇದನ್ನು ಉಂಡವರಲ್ಲಿ ರೋಗವುಂಟು, ಉಣ್ಣದವರಲ್ಲಿ ಇಲ್ಲ ಎಂಬ ಅನ್ವಯವ್ಯತಿರೇಕಗಳನ್ನು ನಮ್ಮ ತಾರ್ಕಿಕರು ಹೊಗೆ ಬೆಂಕಿಗಳಲ್ಲಿ ತೋರಿಸಿದರು. ಇಂದಿನ ವೈದ್ಯರು ಅಡಿಗೆಮನೆಯಲ್ಲಿ ತೋರಿಸುತ್ತಾರೆ. (ತರ್ಕವು ವೃಥಾ ವಾಗ್ವಾದವೆಂದು ಹಳಿಯುವವರು ಇದನ್ನು ಗಮನಿಸಲಿ.) ವೇಕ್‌ಫೀಲ್ಡಿನಲ್ಲಿ ಸಂಶಯವು ಹೋಗಿ ನಿಂತುದು, ಬೇಯಿಸಿ ಶೀತಪೆಟ್ಟಿಗೆಯ ಹೊರಗೆ ಬಹುಹೊತ್ತು ಬಿಟ್ಟಿದ್ದ ಗೋಮಾಂಸದ ಮೇಲೆ.

ಕಾರಣವು ತಿಳಿದೊಡನೆ ಅಪರಾಧಿಯನ್ನು ಹುಡುಕುವುದು ಮನುಷ್ಯಸ್ವಭಾವ. ಬಾಣಸಿಗನನ್ನು ಹಿಡಿದು ದಂಡಿಸಿದರೆ ನ್ಯಾಯವಾಯಿತೆ? ದಂಡದ ಭಯವು ಬಲವಾದಲ್ಲಿ ಪಾತ್ರೆಗಳು ವಿಚಾರಣೆಗಿಂತ ಮುಂಚೆಯೇ ತೊಳೆಯಲ್ಪಡುತ್ತವೆ; ನಿಜವೂ ಆ ನೀರಿನೊಡನೆ ಹರಿದುಹೋಗುತ್ತದೆ. ದಂಡವೇ ಬೇಡವೆಂದರೋ, ಸತ್ತವರ ಪರವಾಗಿ ಕೇಳುವವರಿಲ್ಲ. ನನ್ನ ಮಟ್ಟಿಗೆ, ಕೆಳಗಿನವನಿಂದ ಮೊದಲು ನಿಜವನ್ನು ನಿರ್ಭಯವಾಗಿ ಪಡೆಯತಕ್ಕುದು; ಉತ್ತರವಾದಿತ್ವವನ್ನು ಮೇಲಿನವನಲ್ಲಿ ಕೇಳತಕ್ಕುದು.

ಆದರೆ ಅಲ್ಲಿ ಮೇಲಿನವನನ್ನು ಕೇಳುವಂತೆಯೇ ಇರಲಿಲ್ಲ. ಸರಕಾರಿ ಆಸ್ಪತ್ರೆಗಳು ರಾಜಸ್ವವಾದುದರಿಂದ, ಬೀದಿಯ ಭೋಜನಶಾಲೆಯವನನ್ನು ಕಟಕಟೆಗೆ ಎಳೆಯುವ ಆಹಾರಶುಚಿತ್ವದ ಶಾಸನವು ಅವುಗಳ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು. ಮನುಸ್ಮೃತಿಯಾದರೋ ಇದಕ್ಕೆ ತಿರುಗುಮುರುಗು: ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾಗುವ ತಪ್ಪಿಗೆ ರಾಜನಿಗೆ ಸಾವಿರವೆಂದು ವಿಧಿಸುತ್ತದೆ. ಆ ಗ್ರಂಥದ ಎಷ್ಟೋ ವಿಧಿಗಳು ಇಂದು ಒಪ್ಪತಕ್ಕುವಲ್ಲ, ಇದೊಂದು ಒಪ್ಪತಕ್ಕುದು.

1986ರಲ್ಲಿ ಬಹಿರಂಗ ವಿಚಾರಣೆಯ ವರದಿಯು ಹೊರಬಿದ್ದಿತು. ಅದೇ ವರ್ಷ ಪಾರ್ಲಿಮೆಂಟು ಶಾಸನವನ್ನು ತಿದ್ದಿ, ಆಸ್ಪತ್ರೆಗಳ ಅಡಿಗೆಮನೆಗಳನ್ನೂ ಆ ಕಾನೂನಿಗೆ ಒಳಪಡಿಸಿತು.