ಪ್ಲೇಟು ಅವರದು, ದನಿ ಯಾರದು?

ಇಳಕಲ್ಲಿನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಅವರ ಕಪಾಟಿನ ತುಂಬ ಗ್ರಾಮಫೋನ್ ಪ್ಲೇಟುಗಳು. ಹಳೆಯ ಸೀರೆಗಳಿಂದ ಹೊಲಿಸಿದ ಚೀಲಗಳಲ್ಲಿ ಒಂದೊಂದನ್ನೂ ಜೋಪಾನ ಮಾಡಿದ್ದಾರೆ. ಒಂದು ಮಧ್ಯಾಹ್ನ ಅವರು ನನಗಾಗಿ ಅಮೀರ್‌ಬಾಯಿ ಕರ್ನಾಟಕಿಯವರ 1940ರ ದಶಕದ ಪ್ಲೇಟೊಂದನ್ನು ಹಾಕಿದರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು, ಆಮೇಲೆ ದನಿ. ಮೂರೇ ನಿಮಿಷ. ಮೊಬೈಲಿನಲ್ಲಿ ಹಿಡಿದುಕೊಳ್ಳಲೇ ಎಂದು ಕೇಳಿದೆ. ‘ಹಿಡ್ಕೋ. ಆದ್ರ ಯಾರಿಗೂ ಕಳಸಬ್ಯಾಡ’ ಎಂದರು. ಹೂಂ ಅಂದೆ.

ಅಮೀರ್‌ಬಾಯಿ ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರೊಂದಿಗೆ ಮರಾಠಿ ರಂಗಭೂಮಿಯಲ್ಲಿ ಹಾಡಿದವರು. 1943ರ ‘ಕಿಸ್ಮತ್’ ಚಿತ್ರದಿಂದ ತಂಗಿಯ ದನಿ ದೇಶಕ್ಕೆಲ್ಲ ಕೇಳಿಸಿತು. ಆ ಚಿತ್ರಗೀತೆಗಳು ಇವತ್ತಿಗೂ ಸುಲಭವಾಗಿ ಸಿಗುತ್ತವೆ. ನಾನು ಕೇಳಿದ ಹಾಡು ಮಾತ್ರ ಬೇರೆಲ್ಲೂ ಸಿಗಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಬಾದಾಮಿಯಲ್ಲಿ ಸಂಗೀತ ಕಲಿಯುವ ಹುಡುಗಿಯೊಬ್ಬಳು ಆ ಹಾಡನ್ನು ಕೇಳಿದಳು. ಕಳಿಸಲಾರೆ ಎಂದೆ. ‘ಬೀಳಗಿಯ ದನಿ ಬಾದಾಮಿಗೆ ಬರಬಾರದೇನು, ಸರ್?’ ಎಂದಳು. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಸಂಗ್ರಾಹಕರನ್ನು ಜಿಪುಣರೆಂದು ಬೈಯುವುದು ಸುಲಭ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಎಷ್ಟು ಜನ ಓದಿದರೂ ಕಲ್ಲು ಸವೆಯದು. ಅರಗಿನ ಪ್ಲೇಟು ಹಾಗಲ್ಲ. ಉಕ್ಕಿನ ಮುಳ್ಳು ಪ್ರತಿ ಸಲವೂ ಅದರ ಗೆರೆಯನ್ನು ಒಂದಿಷ್ಟು ತಿನ್ನುತ್ತದೆ. ಕೇಳಿದರೆ ಸವೆಯುತ್ತದೆ, ಕೇಳದಿದ್ದರೆ ಇದ್ದೂ ಇಲ್ಲ. ನಮ್ಮ ಹಿರಿಯರ ಅಂಜಿಕೆ ಬರೀ ಲೋಭವಲ್ಲ.

ಅಮೆರಿಕದ ಡೀನ್ ಬೆನೆಡೆಟ್ಟಿಯ ಕತೆ ಹೀಗೆಯೇ ಇದೆ. ಸ್ವತಃ ಸ್ಯಾಕ್ಸೋಫೋನ್ ವಾದಕ. ಬೀಬಾಪ್ ಜಾಝ್‌ನ ದೊಡ್ಡ ಹೆಸರಾದ ಚಾರ್ಲಿ ಪಾರ್ಕರ್ ಎಂದರೆ ಹುಚ್ಚು. 1947-48ರಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಯಂತ್ರ ಹೊತ್ತು ಪಾರ್ಕರ್ ನುಡಿಸಿದ್ದನ್ನು ಮುದ್ರಿಸಿಕೊಂಡ. ಪಾರ್ಕರ್ ಸ್ಯಾಕ್ಸೋಫೋನ್ ಕೆಳಗಿಟ್ಟರೆ ಇವನು ಯಂತ್ರ ನಿಲ್ಲಿಸುತ್ತಿದ್ದ. ಜೊತೆಗಾರರ ಸರದಿ ಬಹುಪಾಲು ಗಾಳಿಗೆ ಹೋಯಿತು. ಬೆನೆಡೆಟ್ಟಿ 1957ರಲ್ಲಿ ತೀರಿಕೊಂಡ. ಆ ಮುದ್ರಣಗಳು ಕಳೆದೇಹೋದವೆಂದು ಸಂಗ್ರಾಹಕರು ದಶಕಗಳ ಕಾಲ ದಂತಕತೆಯಂತೆ ಮಾತಾಡಿಕೊಂಡರು. ಅವು ಅವನ ಸೋದರನ ಬಳಿ ಇದ್ದವು; 1990ರಲ್ಲಿ ಹೊರಬಂದವು. ಬೆನೆಡೆಟ್ಟಿ ಇಲ್ಲದಿದ್ದರೆ ಆ ರಾತ್ರಿಗಳ ಸಂಗೀತ ನಮಗೆ ಉಳಿಯುತ್ತಿರಲಿಲ್ಲ. ಆದರೆ ಅವು ಮುಚ್ಚಿಕೊಂಡಿದ್ದ ಕಾಲದಲ್ಲಿ ಎಷ್ಟೋ ಹುಡುಗರು ಅವನ್ನು ಕೇಳದೆಯೇ ಸ್ಯಾಕ್ಸೋಫೋನ್ ಕಲಿತರು. ಕಾಪಾಡುವುದೂ ಬಚ್ಚಿಡುವುದೂ ಒಂದೇ ಕೈಯ ಕೆಲಸ.

ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. ಅಂದರೆ ಆ ಮುದ್ರಣ ಈಗ ಎಲ್ಲರದು. ನನ್ನನ್ನು ಕಟ್ಟಿಹಾಕಿದ್ದು ನನ್ನ ‘ಹೂಂ’ ಮಾತ್ರ. ಹಾಡನ್ನು ಕಳಿಸಿದ್ದರೆ ನಾನು ಕದಿಯುತ್ತಿದ್ದದ್ದು ಅಮೀರ್‌ಬಾಯಿಯವರನ್ನಲ್ಲ, ಆ ಮುದುಕರ ನಂಬಿಕೆಯನ್ನು. ಒಳ್ಳೆಯ ಕೆಲಸಕ್ಕೆಂದು ಮಾತು ಮುರಿಯುವವನಿಗೆ ಇನ್ಯಾರು ಕಪಾಟು ತೆರೆದಾರು?

ಹಾಗೆಂದು ಸುಮ್ಮನಿರುವುದೂ ಸಾಲದು. ಮರಳಿ ಹೋಗಿ ಹುಡುಗಿಯ ಮಾತು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಕರ್ಕೊಂಡು ಬಾ’ ಎಂದರು. ಹುನಗುಂದದ ಮೇಲೆ ಬಸ್ಸಿನಲ್ಲಿ ಬಂದೆವು. ಎರಡು ಸಲ ಕೇಳಿಸಿದರು; ಮೂರನೆಯದಕ್ಕೆ ಕೈ ಅಡ್ಡ ಹಿಡಿದರು. ಅವಳು ಕಣ್ಣು ಮುಚ್ಚಿ, ಕೇಳಿದಷ್ಟನ್ನು ಮೆಲ್ಲಗೆ ಹಾಡಿದಳು. ಒಂದು ಕಡೆ ತಪ್ಪಿದಳು. ಮುದುಕರು ತಿದ್ದಿದರು. ಅವರು ಹಾಡಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಇದರಿಂದ ಪ್ರಶ್ನೆ ಮುಗಿಯಲಿಲ್ಲ. ಇಳಕಲ್ಲಿಗೆ ಬರಲಾಗದವರ ಪಾಲೇನು? ಅವರ ನಂತರ ಆ ಕಪಾಟಿನ ಗತಿಯೇನು? ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ, ಮತ್ತೆ ಕೇಳುತ್ತೇನೆ. ಹಾಡು ಇನ್ನೂ ನನ್ನ ಮೊಬೈಲಿನಲ್ಲಿದೆ.