ಅರ್ಧಕ್ಕೆ ನಿಂತ ಹೆಸರು

ಹಾಜರಿ ಕೂಗುವಾಗ ಉದ್ದದ ಹೆಸರುಗಳನ್ನು ಮೊಟಕು ಮಾಡುವುದು ನನಗೆ ಅಂಟಿಕೊಂಡು ಬಂದ ಚಾಳಿ. ವೆಂಕಟರಮಣ ವೆಂಕಟನಾಗುತ್ತಾನೆ, ಅವನೇನೂ ಬೇಸರಪಟ್ಟುಕೊಳ್ಳುವುದಿಲ್ಲ. ಹಾಗೆಯೇ ಅಬ್ದುಲ್ ರಹಮಾನ್ ಎಂಬ ಹುಡುಗನನ್ನು ‘ಅಬ್ದುಲ್’ ಎನ್ನುತ್ತಿದ್ದೆ. ಒಂದು ದಿನ ಪಾಠ ಮುಗಿದ ಮೇಲೆ ಅವನು ಬಳಿಗೆ ಬಂದು, “ಸಾರ್, ಅಬ್ದುಲ್ ಅಂದ್ರೆ ‘ಇಂಥವನ ದಾಸ’ ಅಂತ ಅಷ್ಟೇ. ಯಾರ ದಾಸ ಅನ್ನೋದನ್ನ ತಾವು ಬಿಟ್ಟುಬಿಡ್ತೀರಿ” ಎಂದ. ವಿನಯದಿಂದಲೇ ಅಂದ. ವಿಭಕ್ತಿ ಪಾಠ ಹೇಳುವ ನಾನು, ಪ್ರತ್ಯಯವನ್ನುಳಿಸಿ ನಾಮಪದವನ್ನೇ ನುಂಗಿದ್ದೆನಲ್ಲಾ ಎಂದು ನಾಚಿಕೆಯಾಯಿತು.

‘ಅಬ್ದ್’ ಎಂದರೆ ದಾಸ. ನಡುವಿನ ‘ಅಲ್’ ಎಂಬುದು ಮುಂದಿನ ಪದಕ್ಕೆ ಸೇರಿದ್ದು. ‘ರಹಮಾನ್’ ಎಂಬುದಾದರೋ ಭಗವಂತನ ನಾಮ, ಪರಮ ದಯಾಳು ಎಂದರ್ಥ. ಆದುದರಿಂದ ಹಿಂದಿನ ಭಾಗವನ್ನು ಕಳಚಿ ಬರಿಯ ‘ರಹಮಾನ್’ ಎಂದು ಕರೆಯುವುದೂ ಶಾಸ್ತ್ರ ಬಲ್ಲವರಿಗೆ ಒಪ್ಪಿಗೆಯಾಗದು. ಆಗ ದಾಸನೇ ದೇವರಾಗಿಬಿಡುತ್ತಾನೆ. (ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರನ್ನು ನಮ್ಮ ಹಿರಿಯರು ‘ಖಾನ್ ಸಾಹೇಬರು’ ಎಂದು ಕರೆದು ಈ ತೊಡಕಿನಿಂದ ಪಾರಾದರು!) ರಹಮಾನ್ ಪದದ ಧಾತುವಿನಿಂದಲೇ ತಾಯಿಯ ಗರ್ಭವನ್ನು ಸೂಚಿಸುವ ಅರಬ್ಬೀ ಪದವೂ ಹುಟ್ಟಿದೆ. ಕನ್ನಡಿಗನು ಮರುಕಕ್ಕೆ ಹೆತ್ತ ಕರುಳನ್ನು ನೆನೆಯುವಂತೆಯೇ ಇದು.

ದೇವರಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಅಬ್ದುಲ್ಲಾ ಮತ್ತು ಅಬ್ದುಲ್ ರಹಮಾನ್ ಎಂದು ಪ್ರವಾದಿ ಮುಹಮ್ಮದರು ನುಡಿದುದಾಗಿ ಹದೀಸಿನಲ್ಲಿದೆ. ಇಸ್ಲಾಮಿಗೆ ಮುಂಚೆಯೂ ಅರಬರಲ್ಲಿ ದಾಸನಾಮಗಳಿದ್ದವು. ಸೂರ್ಯನ ದಾಸ, ಉಜ್ಜಾ ದೇವತೆಯ ದಾಸ ಎಂಬ ಹೆಸರುಗಳು ಅಂದು ಸಾಮಾನ್ಯ. ಪ್ರವಾದಿಗಳ ತಂದೆಯ ಹೆಸರೇ ಅಬ್ದುಲ್ಲಾ. ಅವರ ಸಂಗಡಿಗರಲ್ಲೊಬ್ಬರಾದ ಅಬ್ದುಲ್ ರಹಮಾನ್ ಇಬ್ನ್ ಔಫರ ಪೂರ್ವದ ಹೆಸರು ಅಬ್ದ್ ಅಮ್ರ್ ಎಂದಿತ್ತಂತೆ. ದಾಸ್ಯ ಉಳಿಯಿತು, ಒಡೆಯ ಬದಲಾದ. ಈ ದಾಸರ ಲಕ್ಷಣವೇನೆಂಬುದಕ್ಕೆ ಕುರಾನಿನ 25ನೆಯ ಅಧ್ಯಾಯವನ್ನು ನೋಡಬೇಕು: ಅವರು ನೆಲದ ಮೇಲೆ ವಿನಯದಿಂದ ನಡೆಯುವವರು, ಅವಿವೇಕಿಗಳು ಮೇಲೆ ಬಿದ್ದು ಮಾತನಾಡಿದರೆ ಶಾಂತಿಯ ಮಾತನ್ನಾಡಿ ಸರಿಯುವವರು.

ಇಷ್ಟು ತಿಳಿದು ಸಂತೋಷಪಟ್ಟ ಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಸಂತೆಯಲ್ಲಿ ಕೊಂಡು ತಂದ ಆಳಿಗೂ ಅರಬ್ಬಿಯಲ್ಲಿ ಅದೇ ಪದ: ‘ಅಬ್ದ್’. ಎಲ್ಲರೂ ಒಬ್ಬನ ದಾಸರಾದ ಮೇಲೆ ಒಬ್ಬ ದಾಸ ಇನ್ನೊಬ್ಬ ದಾಸನನ್ನು ಕೊಳ್ಳುವುದೆಂತು? ಯಾರೂ ತನ್ನ ಆಳನ್ನು ‘ನನ್ನ ಅಬ್ದ್’ ಎನ್ನಬಾರದು, ‘ನನ್ನ ಹುಡುಗ’ ಎನ್ನಬೇಕೆಂದು ಹದೀಸು ವಿಧಿಸುತ್ತದೆ. ಆಳನ್ನು ಬಿಡುಗಡೆ ಮಾಡುವುದು ಪುಣ್ಯವೆಂದೂ, ಕೆಲವು ತಪ್ಪುಗಳಿಗೆ ಪ್ರಾಯಶ್ಚಿತ್ತವೆಂದೂ ಧರ್ಮ ಹೇಳಿತು. ಆದರೂ ಸಂತೆ ಮುಚ್ಚಲಿಲ್ಲ. ಸೌದಿ ಅರೇಬಿಯದಲ್ಲಿ ಗುಲಾಮಗಿರಿ ರದ್ದಾದುದು 1962ರಲ್ಲಿ, ಮಾರಿಟೇನಿಯದಲ್ಲಿ 1981ರಲ್ಲಿ. ಮಗನಿಗೆ ಅಬ್ದುಲ್ಲಾ ಎಂದು ಹೆಸರಿಟ್ಟು, ಅದೇ ಸಂಜೆ ಒಬ್ಬ ಆಳಿಗೆ ಬೆಲೆ ಕಟ್ಟಿದ ಗೃಹಸ್ಥರು ಈ ನಡುವಿನ ಶತಮಾನಗಳಲ್ಲಿ ಎಷ್ಟು ಮಂದಿಯೋ!

ಬೆರಳು ತೋರಿಸುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಷ್ಟೆ. ‘ತೊತ್ತು’ ನಮ್ಮಲ್ಲಿ ಬೈಗುಳ. ಶರಣರು ತಮ್ಮನ್ನು ತೊತ್ತಿನ ಮಕ್ಕಳೆಂದು ಕರೆದುಕೊಂಡು ಆ ಪದಕ್ಕೆ ಮಾನ ತಂದರು. ಪುರಂದರರೂ ಕನಕರೂ ‘ದಾಸ’ ಶಬ್ದವನ್ನು ಕಿರೀಟದಂತೆ ತೊಟ್ಟರು. ಅದನ್ನು ಭಜನೆಯಲ್ಲಿ ಹಾಡಿಕೊಂಡೇ ನಾವು ಜೀತದಾಳನ್ನು ಹಿತ್ತಿಲಲ್ಲಿ ಕೂರಿಸಿ ಉಣಬಡಿಸಿದೆವು. ದೇಶದಲ್ಲಿ ಜೀತ ರದ್ದತಿಯ ಕಾನೂನು ಬರಲು 1976 ಆಗಬೇಕಾಯಿತು.

ಮನುಷ್ಯ ಯಾರಿಗಾದರೂ ಏಕೆ ದಾಸನಾಗಬೇಕು ಎಂದು ವಿಚಾರವಾದಿ ಮಿತ್ರರು ಕೇಳಬಹುದು. ಒಬ್ಬನಿಗೇ ತಲೆಬಾಗಿದವನು ಉಳಿದವರ ಮುಂದೆ ನೆಟ್ಟಗೆ ನಿಲ್ಲಬಲ್ಲ ಎಂಬ ಭಕ್ತರ ಉತ್ತರದಲ್ಲಿ ನನಗೆ ಹುರುಳು ಕಾಣುತ್ತದೆ. ನನ್ನ ಅಂಜಿಕೆ ಒಡೆಯನ ವಿಷಯದಲ್ಲಲ್ಲ, ಒಡೆಯನ ಪರವಾಗಿ ಅಪ್ಪಣೆ ಹೊರಡಿಸುವ ಕಾರಭಾರಿಗಳ ವಿಷಯದಲ್ಲಿ. ಅವರು ಎಲ್ಲ ಮತಗಳಲ್ಲೂ ಇದ್ದಾರೆ, ಅವರ ಹೆಸರಿನಲ್ಲಿ ‘ದಾಸ’ ಶಬ್ದವಿದ್ದರೂ ಇರಬಹುದು.

ಈಗ ಹಾಜರಿಯಲ್ಲಿ ಪೂರ್ಣ ಹೆಸರನ್ನೇ ಕೂಗುತ್ತೇನೆ. ಮೊನ್ನೆ ಕುತೂಹಲಕ್ಕೆ ಆ ಹುಡುಗನನ್ನು ಕೇಳಿದೆ: “ಮನೆಯಲ್ಲೂ ಇಷ್ಟುದ್ದ ಕರೀತಾರೇನಪ್ಪಾ?” ಅವನು ನಕ್ಕುಬಿಟ್ಟ. “ಇಲ್ಲ ಸಾರ್, ಅಮ್ಮೀ ‘ಮುನ್ನಾ’ ಅಂತಾರೆ.”